ಬೇಸ್ ಗಿಟಾರಿಗೆ ಹಗುರ ಪೆಟ್ಟಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಪತ್ರಗಳಲ್ಲಿ ಆರು ಪತ್ರಗಳು ಒಂದೇ ವಿಷಯದ ಸುತ್ತ ಇದ್ದವು. ಬೇಸ್ ಗಿಟಾರಿನ ಸ್ಪೀಕರ್ ಪೆಟ್ಟಿಗೆಯನ್ನು ಕಡಿಮೆ ಖರ್ಚಿನಲ್ಲಿ, ಒಬ್ಬರೇ ಎತ್ತಿ ಒಯ್ಯಬಹುದಾದಷ್ಟು ಹಗುರವಾಗಿ, ಊರಿನಲ್ಲೇ ಮಾಡಿಕೊಳ್ಳುವುದು ಹೇಗೆ ಎಂಬುದು ಎಲ್ಲರ ಪ್ರಶ್ನೆಯ ತಿರುಳು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಅಂಗಡಿಯವರ ಮಾತಿನಂತೆ ಇಲ್ಲಿಯೂ ‘ಸ್ಪೀಕರ್’ ಎಂದರೆ ಶಂಕು, ಸುರುಳಿ, ಅಯಸ್ಕಾಂತ ಸೇರಿದ ಬಿಡಿ ಸಾಧನ. ಅದನ್ನು ಕೂರಿಸುವ ಮರದ ಗೂಡಿಗೆ ‘ಪೆಟ್ಟಿಗೆ’ ಎಂದಿದ್ದೇನೆ.

ಪ್ರಶ್ನೆ: ನಾನು ಸಣ್ಣದೊಂದು ವಾದ್ಯವೃಂದದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಮದುವೆಯ ಆರತಕ್ಷತೆ, ಚರ್ಚಿನ ಹಬ್ಬ, ಶಾಲಾ ವಾರ್ಷಿಕೋತ್ಸವ ಎಂದು ಅಂಕೋಲಾ, ಕುಮಟಾದವರೆಗೂ ಬಸ್ಸಿನಲ್ಲಿ ಹೋಗಬೇಕಾಗುತ್ತದೆ. ನನ್ನಲ್ಲಿರುವ ಹಳೆಯ ಪೆಟ್ಟಿಗೆ 30 ಕಿಲೊ ತೂಗುತ್ತದೆ. ಅದನ್ನು ಎತ್ತಿ ಎತ್ತಿ ಸೊಂಟ ಹಿಡಿದಿದೆ. 200 ವಾಟಿನ ಆಂಪ್ಲಿಫೈಯರ್ ಇದೆ. 15 ಸಾವಿರ ರೂಪಾಯಿಯ ಒಳಗೆ ಹಗುರವಾದ ಪೆಟ್ಟಿಗೆಯನ್ನು ನಾನೇ ಮಾಡಿಕೊಳ್ಳಬಹುದೇ? ದಯವಿಟ್ಟು ಅಳತೆಗಳನ್ನೂ ತಿಳಿಸಿ. — ಓದುಗರು, ಕಾರವಾರ

ಉತ್ತರ: ಖಂಡಿತ ಮಾಡಿಕೊಳ್ಳಬಹುದು, ಹದಿನೈದು ಕಿಲೊಗಳ ಒಳಗೂ ನಿಲ್ಲಿಸಬಹುದು. ಆದರೆ ನಿಮ್ಮ ಹಾಗೆ ಬರೆದವರಲ್ಲಿ ಹೆಚ್ಚಿನವರು ಮೊದಲು ಪೆಟ್ಟಿಗೆಯ ಅಳತೆ ಕೇಳುತ್ತಾರೆ, ಅದರಲ್ಲಿ ಯಾವ ಸ್ಪೀಕರ್ ಕೂರಿಸುವುದು ಎಂಬುದನ್ನು ಆಮೇಲೆ ನೋಡೋಣ ಎನ್ನುತ್ತಾರೆ. ಕೆಲಸ ಕೆಡುವುದು ಅಲ್ಲಿಯೇ. ಪೆಟ್ಟಿಗೆಯ ಒಳಗಿನ ಗಾಳಿ ಸ್ಪೀಕರಿನ ಶಂಕುವಿಗೆ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆಯಾದ್ದರಿಂದ ಪ್ರತಿಯೊಂದು ಸ್ಪೀಕರಿಗೂ ಅದರದೇ ಆದ ಗಾತ್ರದ ಪೆಟ್ಟಿಗೆ ಬೇಕಾಗುತ್ತದೆ. ಆ ಗಾತ್ರವನ್ನು ಲೆಕ್ಕದಿಂದ ಕಂಡುಕೊಳ್ಳುವ ದಾರಿಯನ್ನು ಆಸ್ಟ್ರೇಲಿಯದ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ತೋರಿಸಿದರು, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಅದನ್ನು ಬೆಳೆಸಿದರು. ಇಂದಿಗೂ ಒಳ್ಳೆಯ ಸ್ಪೀಕರ್‌ಗಳ ಜೊತೆಗೆ ಬರುವ ಮಾಹಿತಿ ಹಾಳೆಯಲ್ಲಿ ಈ ಇಬ್ಬರ ಹೆಸರಿನ ಅಂಕಿಗಳು ಇರುತ್ತವೆ. ಆ ಹಾಳೆ ಇಲ್ಲದ ಸ್ಪೀಕರನ್ನು, ಎಷ್ಟೇ ಅಗ್ಗವಾಗಿ ಸಿಕ್ಕರೂ, ಕೊಳ್ಳಬೇಡಿ.

ಹಾಳೆಯಲ್ಲಿ ಐದು ಅಂಕಿಗಳನ್ನು ನೋಡಿದರೆ ಸಾಕು. ಎಫ್‌ಎಸ್ ಎಂಬುದು ಬಿಡಿ ಸ್ಪೀಕರಿನ ಸ್ವಂತ ಕಂಪನಾಂಕ; ಅದು 45ರಿಂದ 55 ಹರ್ಟ್ಜ್ ನಡುವೆ ಇರಲಿ. ಶಂಕುವಿನ ಕಂಪನ ಎಷ್ಟು ಬೇಗ ಅಡಗುತ್ತದೆ ಎಂಬುದನ್ನು ಕ್ಯೂಟಿಎಸ್ ಹೇಳುತ್ತದೆ; ಅದು 0.3ರಿಂದ 0.4ರ ಒಳಗಿದ್ದರೆ, ಕೆಳಗಿನ ಸ್ವರಗಳಿಗೆ ಬಲ ಕೊಡಲೆಂದು ಗಾಳಿಯಾಡುವ ಕೊಳವೆ ಇಟ್ಟ ಪೆಟ್ಟಿಗೆಗೆ ಹೊಂದುತ್ತದೆ. ಶಂಕುವಿನ ಕಟ್ಟು ಎಷ್ಟು ಮೆದುವೋ ಅಷ್ಟೇ ಮೆದುವಾಗಿ ಪುಟಿಯುವ ಗಾಳಿಯ ಗಾತ್ರವೇ ವಿಎಎಸ್; ಅದು ಲೀಟರುಗಳಲ್ಲಿ ಇರುತ್ತದೆ, 100ರ ಒಳಗಿದ್ದರೆ ಪೆಟ್ಟಿಗೆ ಸಣ್ಣದಾಗುತ್ತದೆ. ಸೂಕ್ಷ್ಮತೆ, ಅಂದರೆ ಒಂದು ವಾಟಿಗೆ ಸ್ಪೀಕರ್ ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದು, 96 ಡೆಸಿಬೆಲ್ಲಿಗಿಂತ ಕಡಿಮೆ ಬೇಡ. ಶಂಕು ಒಂದು ದಿಕ್ಕಿಗೆ ಹದ ತಪ್ಪದೆ ಚಲಿಸಬಲ್ಲ ದೂರವನ್ನು ಎಕ್ಸ್‌ಮ್ಯಾಕ್ಸ್ ಎನ್ನುತ್ತಾರೆ. ಅದು ಕನಿಷ್ಠ 4 ಮಿಲಿಮೀಟರ್ ಇರಲಿ, 5 ಇದ್ದರೆ ಉತ್ತಮ. ಅಂಗಡಿಯಲ್ಲಿ ಎಲ್ಲರೂ ವಾಟಿನ ಅಂಕಿಯನ್ನೇ ದೊಡ್ಡದಾಗಿ ಹೇಳುತ್ತಾರೆ, ಆದರೆ ಸೂಕ್ಷ್ಮತೆ 3 ಡೆಸಿಬೆಲ್ ಹೆಚ್ಚಿದ್ದರೆ ಅದು ನಿಮ್ಮ ಆಂಪ್ಲಿಫೈಯರಿನ ಶಕ್ತಿಯನ್ನು ಎರಡು ಪಟ್ಟು ಮಾಡಿದಷ್ಟೇ ಫಲ ಕೊಡುತ್ತದೆ. ನಿಮ್ಮ 200 ವಾಟು ಕಡಿಮೆಯೇನಲ್ಲ. ನಿಮ್ಮ ಹಣದಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಸ್ಪೀಕರ್ ಒಂದಕ್ಕೇ ಇಟ್ಟು, ಉಳಿದುದರಲ್ಲಿ ಮರ, ಅಂಟು, ಬಣ್ಣ, ಹಿಡಿಕೆಗಳನ್ನು ಹೊಂದಿಸಿಕೊಳ್ಳಿ. ನಿಯೊಡಿಮಿಯಂ ಅಯಸ್ಕಾಂತದ ಸ್ಪೀಕರ್ ಎರಡು ಮೂರು ಕಿಲೊ ಹಗುರವಾದರೂ ದುಬಾರಿ. ಮೊದಲ ಪೆಟ್ಟಿಗೆಗೆ ಸಾಮಾನ್ಯ ಫೆರೈಟ್ ಅಯಸ್ಕಾಂತದ್ದೇ ಸಾಕು. ಹಳೆಯ ಸ್ಪೀಕರ್ ಕೊಳ್ಳುವುದಾದರೆ ಎರಡೂ ಕೈಗಳ ಬೆರಳುಗಳಿಂದ ಶಂಕುವನ್ನು ಸಮನಾಗಿ, ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಕೆರೆದ ಸದ್ದು ಕೇಳಿದರೆ ಒಳಗಿನ ಸುರುಳಿ ತಾಗುತ್ತಿದೆ ಎಂದು ತಿಳಿದು ಹಿಂದಿರುಗಿಸಿ.

ಇನ್ನೊಂದು ನಿಜವನ್ನು ಮೊದಲೇ ಹೇಳಬೇಕು. ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿಯ ಮೂಲಸ್ವರ 41 ಹರ್ಟ್ಜ್. ಅದನ್ನು ಪೂರ್ಣ ಬಲದಿಂದ ಹೊರಡಿಸುವ, ಜೋರಾಗಿಯೂ ನುಡಿಯುವ, ಸಣ್ಣದಾಗಿಯೂ ಇರುವ ಪೆಟ್ಟಿಗೆ ಸಾಧ್ಯವಿಲ್ಲ. ಆಳ, ಜೋರು, ಸಣ್ಣ ಗಾತ್ರ ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು ಎಂಬುದು ಭೌತಶಾಸ್ತ್ರದ ಕಟ್ಟು. ಆದರೆ ಇದರಿಂದ ನಿರಾಶರಾಗಬೇಕಿಲ್ಲ. ಆ ತಂತಿಯನ್ನು ಮೀಟಿದಾಗ ನಮ್ಮ ಕಿವಿಗೆ ಬೀಳುವುದರಲ್ಲಿ ಬಹುಪಾಲು 82 ಹರ್ಟ್ಜ್ ಮತ್ತು ಅದರ ಮೇಲಿನ ಉಪಸ್ವರಗಳೇ. 1969ರಲ್ಲಿ ಬಂದು ಹೆಸರಾದ ಆಂಪೆಗ್ ಕಂಪನಿಯ, ಎಂಟು ಹತ್ತಿಂಚಿನ ಸ್ಪೀಕರ್‌ಗಳ, 60 ಕಿಲೊ ಮೀರಿದ ಪೆಟ್ಟಿಗೆಯೂ 41 ಹರ್ಟ್ಜನ್ನು ಪೂರ್ಣ ಬಲದಲ್ಲಿ ಕೊಡುವುದಿಲ್ಲ, ಆದರೂ ಅದರ ನಾದವನ್ನು ಯಾರೂ ಬಡಕಲು ಎನ್ನುವುದಿಲ್ಲ. 55 ಹರ್ಟ್ಜ್‌ವರೆಗೆ ಗಟ್ಟಿಯಾಗಿ ನುಡಿಯುವ ಪೆಟ್ಟಿಗೆ ಸಭಾಭವನದಲ್ಲಿ ನಿಮಗೆ ಸಾಲುತ್ತದೆ.

ಈಗ ಅಳತೆಗೆ ಬರೋಣ. ಎಫ್‌ಎಸ್ 48, ಕ್ಯೂಟಿಎಸ್ 0.35, ವಿಎಎಸ್ 90 ಲೀಟರ್ ಆಸುಪಾಸಿನ 12 ಇಂಚಿನ ಒಂದು ಸ್ಪೀಕರಿಗೆ 60 ಲೀಟರ್ ಗಾಳಿ, 50 ಹರ್ಟ್ಜಿಗೆ ಶ್ರುತಿ ಮಾಡಿದ ಕೊಳವೆ ಹೊಂದುತ್ತದೆ. ಸ್ಪೀಕರ್, ಕೊಳವೆಗಳು, ಅಡ್ಡಪಟ್ಟಿಗಳು ಒಳಗೆ ಸುಮಾರು 10 ಲೀಟರ್ ಜಾಗ ತಿನ್ನುವುದರಿಂದ ಒಟ್ಟು ಒಳಗಾತ್ರ 70 ಲೀಟರ್ ಬೇಕು. ಒಳಗಿನ ಅಳತೆ ಅಗಲ 40, ಎತ್ತರ 46, ಆಳ 38 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಈ ಲೆಕ್ಕ ಕೂಡುತ್ತದೆ. ಸ್ಪೀಕರ್ ಮೇಲ್ಗಡೆ, ಎರಡು ಕೊಳವೆಗಳು ಕೆಳಗಿನ ಎರಡು ಮೂಲೆಗಳಲ್ಲಿ ಕೂರುತ್ತವೆ. ನಿಮ್ಮ ಸ್ಪೀಕರಿನ ಅಂಕಿಗಳು ಬೇರೆಯಾಗಿದ್ದರೆ ಅಳತೆಯೂ ಬೇರೆಯಾಗುತ್ತದೆ. ವಿನ್‌ಐಎಸ್‌ಡಿ ಎಂಬ ಉಚಿತ ಕಂಪ್ಯೂಟರ್ ತಂತ್ರಾಂಶದಲ್ಲಿ ಆ ಅಂಕಿಗಳನ್ನು ತುಂಬಿದರೆ ಗಾತ್ರ ತಿಳಿಯುತ್ತದೆ.

ಇನ್ನು ತೂಕ. 18 ಮಿಲಿಮೀಟರ್ ದಪ್ಪದ ಎಂಡಿಎಫ್‌ನಲ್ಲಿ, ಅಂದರೆ ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆಯಲ್ಲಿ, ಈ ಪೆಟ್ಟಿಗೆ ಮಾಡಿದರೆ ಬರಿಯ ಮರವೇ 15 ಕಿಲೊ ದಾಟುತ್ತದೆ. 12 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಅದೇ ಪೆಟ್ಟಿಗೆ 8 ಕಿಲೊ ಚಿಲ್ಲರೆ. ಅದಕ್ಕೆ ಐದಾರು ಕಿಲೊಗಳ ಸ್ಪೀಕರ್ ಸೇರಿದರೆ ನಿಮಗೆ 14–15 ಕಿಲೊಗಳಲ್ಲಿ ಕೆಲಸ ಮುಗಿಯಿತು. ತೆಳು ಹಲಗೆ ನಡುಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ನಡುಗುತ್ತದೆ, ಆದರೆ ಅದಕ್ಕೆ ಮದ್ದು ದಪ್ಪ ಹೆಚ್ಚಿಸುವುದಲ್ಲ. ಹಲಗೆಯನ್ನು 12ರಿಂದ 18 ಮಿಲಿಮೀಟರಿಗೆ ಏರಿಸಿದರೆ ಅದು ನಡುಗುವ ಕಂಪನಾಂಕ ಒಂದೂವರೆ ಪಟ್ಟು ಮಾತ್ರ ಮೇಲೇರುತ್ತದೆ, ತೂಕವೂ ಒಂದೂವರೆ ಪಟ್ಟಾಗುತ್ತದೆ. ಅದೇ 12 ಮಿಲಿಮೀಟರಿನ ಚೌಕ ಹಲಗೆಯ ನಟ್ಟನಡುವೆ ಗಟ್ಟಿಯಾದ ಅಡ್ಡಪಟ್ಟಿಯೊಂದನ್ನು ಅಂಟಿಸಿ ಬಿಗಿದರೆ ಕಂಪನಾಂಕ ಸುಮಾರು ಎರಡೂವರೆ ಪಟ್ಟು ಏರುತ್ತದೆ. ಆ ಪಟ್ಟಿಯ ತೂಕವಾದರೋ ನೂರಿಪ್ಪತ್ತು ಗ್ರಾಂ. ಹಗುರ ಪೆಟ್ಟಿಗೆಯ ಗುಟ್ಟೆಲ್ಲ ಈ ನೂರಿಪ್ಪತ್ತು ಗ್ರಾಮಿನಲ್ಲಿದೆ. ನಮ್ಮ ಯಕ್ಷಗಾನದ ಭುಜಕೀರ್ತಿ, ಎದೆಪದಕಗಳನ್ನು ಮಾಡುವವರು ಹಗುರ ಮರವನ್ನೇ ಹುಡುಕಿ ಆರಿಸುವುದು ವೇಷಧಾರಿ ಬೆಳತನಕ ಕುಣಿಯಬೇಕಲ್ಲ ಎಂಬ ಕಾರಣಕ್ಕೆ. ಆಟ ಮುಗಿಸಿ ಊರಿಂದೂರಿಗೆ ಪೆಟ್ಟಿಗೆ ಹೊರುವವರ ವಿಷಯದಲ್ಲಿಯೂ ಅಷ್ಟೇ ಕಾಳಜಿ ಇರಬೇಕೆಂಬುದು ನನ್ನ ನಂಬಿಕೆ.

ಎಡಗೋಡೆಯಿಂದ ಬಲಗೋಡೆಗೆ, ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ ಒಂದೊಂದು ಪಟ್ಟಿಯನ್ನು ನಾಲ್ಕು ಸೆಂಟಿಮೀಟರ್ ಅಗಲಕ್ಕೆ ಕೊಯ್ದು, ಅಯಸ್ಕಾಂತಕ್ಕೆ ತಾಗದಂತೆ ನಡುವಿನಿಂದ ತುಸು ಸರಿಸಿ ನಿಲ್ಲಿಸಿ, ಅವು ಒಂದನ್ನೊಂದು ದಾಟುವಲ್ಲಿ ಅಂಟು ಹಾಕಿ ಕಟ್ಟಿ. ಮೂಲೆಗಳಲ್ಲಿ ಎರಡು ಸೆಂಟಿಮೀಟರಿನ ರೀಪು ಕೊಟ್ಟು, ಜಲನಿರೋಧಕ ಮರದ ಅಂಟನ್ನು ಎರಡೂ ಬದಿಗೆ ಹಚ್ಚಿ ಸ್ಕ್ರೂ ಬಿಗಿಯಿರಿ. ಕೀಲನ್ನು ಹಿಡಿಯುವುದು ಅಂಟು, ಸ್ಕ್ರೂ ಅಲ್ಲ. ಅಂಟು ಒಣಗುವವರೆಗೆ ಒತ್ತಿ ಹಿಡಿಯುವುದಷ್ಟೇ ಸ್ಕ್ರೂಗಳ ಕೆಲಸ. ಒಂದು ದಿನ ಬಿಟ್ಟು ಅವನ್ನು ಬಿಚ್ಚಿ ತೆಗೆದು, ತೂತುಗಳಿಗೆ ಅಂಟು ಕಲಸಿದ ಮರದ ಪುಡಿ ತುಂಬಿದರೆ ನಮ್ಮ ಉಪ್ಪು ಗಾಳಿಯಲ್ಲಿ ತುಕ್ಕು ಹಿಡಿಯಲು ಅಲ್ಲಿ ಏನೂ ಉಳಿಯುವುದಿಲ್ಲ. ಸ್ಪೀಕರ್ ಕೂರುವ ತೂತಿನ ಹಿಂದೆ ಮಾತ್ರ ಅದೇ ಪ್ಲೈವುಡ್ಡಿನ ಬಳೆಯೊಂದನ್ನು ಅಂಟಿಸಿ ದಪ್ಪವನ್ನು 24 ಮಿಲಿಮೀಟರ್ ಮಾಡಿ, ಟೀ-ನಟ್ (ಮರಕ್ಕೆ ಕಚ್ಚಿ ಕೂರುವ ಹಲ್ಲಿನ ನಟ್) ಕೂರಿಸಿ, ಬೋಲ್ಟಿನಿಂದ ಬಿಗಿಯಿರಿ. ಮರದ ಸ್ಕ್ರೂ ಅಲ್ಲಿ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ.

ಕೊಳವೆಗೆ ನಲ್ಲಿ ಸಾಮಾನಿನ ಅಂಗಡಿಯಲ್ಲಿ ಸಿಗುವ 110 ಮಿಲಿಮೀಟರಿನ ಪಿವಿಸಿ ಪೈಪು ಸಾಕು. ಉದ್ದದ ಲೆಕ್ಕ ಹೀಗಿದೆ: ಎಲ್ಲ ಕೊಳವೆಗಳ ಬಾಯಿಯ ಒಟ್ಟು ವಿಸ್ತೀರ್ಣವನ್ನು ಚದರ ಸೆಂಟಿಮೀಟರಿನಲ್ಲಿ ಹಿಡಿದು 30,150ರಿಂದ ಗುಣಿಸಬೇಕು, ಅದನ್ನು ಶ್ರುತಿಯ ಕಂಪನಾಂಕದ ವರ್ಗ ಮತ್ತು ಪೆಟ್ಟಿಗೆಯ ಲೀಟರ್, ಇವೆರಡರ ಗುಣಲಬ್ಧದಿಂದ ಭಾಗಿಸಬೇಕು, ಬಂದುದರಲ್ಲಿ ಒಂದು ಕೊಳವೆಯ ತ್ರಿಜ್ಯದ 1.46 ಪಟ್ಟನ್ನು ಕಳೆದರೆ ಉದ್ದ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಒಳವ್ಯಾಸ 10.4 ಸೆಂಟಿಮೀಟರಿನ ಎರಡು ಕೊಳವೆಗಳಿಗೆ, 60 ಲೀಟರಿಗೆ, 50 ಹರ್ಟ್ಜಿಗೆ ಅದು 26.5 ಸೆಂಟಿಮೀಟರ್. ನೀವು 28 ಕೊಯ್ದುಕೊಳ್ಳಿ; ಉದ್ದವಿದ್ದುದನ್ನು ಕಿರಿದು ಮಾಡಬಹುದು, ಕಿರಿದನ್ನು ಬೆಳೆಸಲಾಗದು.

ಶ್ರುತಿ ಸರಿಯಾಗಿದೆಯೇ ಎಂದು ನೋಡಲು ಯಾವ ಯಂತ್ರವೂ ಬೇಡ. ಪೆಟ್ಟಿಗೆಯನ್ನು ಬೆನ್ನ ಮೇಲೆ ಮಲಗಿಸಿ ಶಂಕು ಮೇಲಾಗುವಂತೆ ಇಟ್ಟುಕೊಂಡು, ಅದರ ಮೇಲೆ ತೆಳು ಅವಲಕ್ಕಿಯ ಏಳೆಂಟು ಎಸಳುಗಳನ್ನು ಉದುರಿಸಿ. ಮೊಬೈಲಿನ ಸ್ವರ ಹುಟ್ಟಿಸುವ ಆ್ಯಪ್‌ನಿಂದ ಸಣ್ಣ ದನಿಯಲ್ಲಿ 80 ಹರ್ಟ್ಜ್ ಹಾಕಿ, ನಿಧಾನವಾಗಿ ಕೆಳಗಿಳಿಸುತ್ತ ಬನ್ನಿ. ಅವಲಕ್ಕಿ ಮೊದಲು ಜಿಗಿಜಿಗಿ ಕುಣಿಯುತ್ತದೆ. 55, 53 ಎಂದು ಇಳಿಯುತ್ತಿದ್ದಂತೆ ಕುಣಿತ ತಗ್ಗಿ ಒಂದು ಕಡೆ ಎಸಳುಗಳು ಹೆಚ್ಚುಕಡಿಮೆ ನಿಂತೇ ಬಿಡುತ್ತವೆ, ಆ ಹೊತ್ತಿಗೆ ಕೊಳವೆಯ ಬಾಯಿಗೆ ಅಂಗೈ ಹಿಡಿದರೆ ಗಾಳಿ ರಭಸದಿಂದ ತಾಗುತ್ತದೆ. ಇನ್ನೂ ಇಳಿಸಿದರೆ ಎಸಳುಗಳು ಮತ್ತೆ ಹಾರತೊಡಗುತ್ತವೆ. ನಿಂತ ಆ ಬಿಂದುವೇ ನಿಮ್ಮ ಪೆಟ್ಟಿಗೆಯ ಶ್ರುತಿ. 47 ಅಥವಾ 48ರಲ್ಲಿ ನಿಂತರೆ ಕೊಳವೆಯನ್ನು ಅರ್ಧರ್ಧ ಸೆಂಟಿಮೀಟರ್ ತೆಗೆಯುತ್ತ ಬನ್ನಿ. ಶ್ರುತಿಗಿಂತ ಕೆಳಗೆ ಶಂಕುವಿಗೆ ಗಾಳಿಯ ತಡೆ ಇರುವುದಿಲ್ಲವಾದ್ದರಿಂದ 40 ಹರ್ಟ್ಜಿನ ಕೆಳಗಿನ ಸ್ವರವನ್ನು ಜೋರಾಗಿ ಹಾಕಬೇಡಿ. ಆಂಪ್ಲಿಫೈಯರಿನಲ್ಲಿ ತೀರ ಕೆಳಗಿನ ಸ್ವರಗಳನ್ನು ಕತ್ತರಿಸುವ ಫಿಲ್ಟರ್ ಇದ್ದರೆ ಅದನ್ನು ಯಾವಾಗಲೂ ಹಾಕಿಟ್ಟುಕೊಂಡೇ ನುಡಿಸಿ. ಸ್ಪೀಕರ್‌ಗಳು ಬಿಸಿಯಾಗಿ ಸುಡುವುದಕ್ಕಿಂತ ಮೊದಲೇ ಅತಿಯಾಗಿ ಚಲಿಸಿ ಹರಿದುಹೋಗುವುದೇ ಹೆಚ್ಚು.

ಪ್ರಶ್ನೆ: ನಮ್ಮ ಮನೆಯ ಹಿತ್ತಿಲಲ್ಲಿ ಬಿದ್ದ ಹಲಸಿನ ಮರವನ್ನು ಕೊಯ್ಸಿ ಹಲಗೆ ಮಾಡಿಟ್ಟಿದ್ದೇವೆ. ವೀಣೆಗೂ ಮದ್ದಲೆಗೂ ಹಲಸು ಬಳಸುತ್ತಾರಲ್ಲ, ಅದರಲ್ಲೇ ಸ್ಪೀಕರ್ ಪೆಟ್ಟಿಗೆ ಮಾಡಿದರೆ ನಾದ ಇನ್ನೂ ಚೆನ್ನಾಗಿ ಬರುವುದಿಲ್ಲವೇ? — ಓದುಗರು, ಶಿರಸಿ

ಉತ್ತರ: ಮನೆಯ ಮರದ ಮೇಲಿನ ನಿಮ್ಮ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ವೀಣೆಯ ಕೊಡಕ್ಕೂ ಸ್ಪೀಕರ್ ಪೆಟ್ಟಿಗೆಗೂ ಕೆಲಸ ಬೇರೆ ಬೇರೆ. ವೀಣೆಯ ಮರ ತಂತಿಯ ಜೊತೆ ದನಿಗೂಡಬೇಕು, ತನ್ನ ಬಣ್ಣವನ್ನು ನಾದಕ್ಕೆ ಬೆರೆಸಬೇಕು. ಸ್ಪೀಕರ್ ಪೆಟ್ಟಿಗೆಯಾದರೋ ಸುಮ್ಮನಿರಬೇಕು. ಅದು ತಾನೂ ಹಾಡತೊಡಗಿದರೆ ಕೆಲವು ಸ್ವರಗಳು ಉಬ್ಬಿ, ಕೆಲವು ನುಂಗಿಹೋಗಿ, ಬೇಸ್ ಗಿಟಾರಿನ ಪ್ರತಿ ಸ್ವರವೂ ಒಂದೇ ತೂಕದಲ್ಲಿ ಕೇಳಿಸುವುದಿಲ್ಲ. ಎರಡನೆಯ ತೊಡಕು ಹವೆಯದು. ಇಡಿ ಮರದ ಹಲಗೆ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ನಿಮ್ಮ ಕಡೆ ಆಷಾಢದ ಮಳೆಗೂ ಏಪ್ರಿಲ್ಲಿನ ಬಿಸಿಲಿಗೂ ಇರುವ ಅಂತರದಲ್ಲಿ ನಲವತ್ತು ಸೆಂಟಿಮೀಟರ್ ಅಗಲದ ಹಲಗೆ ಕೆಲವು ಮಿಲಿಮೀಟರುಗಳಷ್ಟು ಬದಲಾಗಿ, ಅಂಟಿನ ಕೀಲು ಸೀಳುತ್ತದೆ. ಪ್ಲೈವುಡ್ಡಿನಲ್ಲಿ ಪದರಗಳ ಎಳೆ ಅಡ್ಡಡ್ಡಕ್ಕೆ ಇರುವುದರಿಂದ ಈ ಕಾಟವಿಲ್ಲ.

ಹಾಗೆಂದು ಹಲಸನ್ನು ಬಿಡಬೇಡಿ. ಮೂಲೆಯ ರೀಪು, ಒಳಗಿನ ಅಡ್ಡಪಟ್ಟಿ, ಹಿಡಿಕೆ ಇವಕ್ಕೆಲ್ಲ ಚೆನ್ನಾಗಿ ಒಣಗಿದ ಹಲಸು ಬಹಳ ಒಳ್ಳೆಯದು. ಸಣ್ಣ ಅಗಲದ ತುಂಡುಗಳಲ್ಲಿ ಹಿಗ್ಗು ಕುಗ್ಗು ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ, ಹಿಡಿಕೆಯ ಹಳದಿ ಬಣ್ಣವೂ ಕಣ್ಣಿಗೆ ಹಿತ. ಹೊರಗಿನ ಆರು ಹಲಗೆಗಳಿಗೆ ಮಾತ್ರ ಪ್ಲೈವುಡ್ ತನ್ನಿ. ಕೊಳ್ಳುವಾಗ ಒಂದೇ ದಪ್ಪದ ಎರಡು ಮೂರು ಜಾತಿಯ ಶೀಟುಗಳ ಒಂದು ಮೂಲೆಯನ್ನು ಎತ್ತಿ ನೋಡಿ. ಗರ್ಜನ್ ಮರದ ಪ್ಲೈ ಗಟ್ಟಿ ಹೌದು, ಆದರೆ ಭಾರ. ಪಾಪ್ಲರ್ ಹೆಚ್ಚಿರುವ ಪ್ಲೈ ಹಗುರ. ಐಎಸ್ 303 ಗುರುತಿನ, ನೀರು ತಡೆಯುವ ಬಿಡಬ್ಲ್ಯುಆರ್ ದರ್ಜೆ ನಮ್ಮ ಹವೆಗೆ ಸಾಕು. ಐಎಸ್ 710ರ ಮರೀನ್ ಪ್ಲೈ ದೋಣಿಗೆ ಬೇಕಾದದ್ದು, ಇಲ್ಲಿ ಅದರಿಂದ ಭಾರವೂ ಖರ್ಚೂ ಹೆಚ್ಚುತ್ತವೆ. ಅಂಚಿನಲ್ಲಿ ಪದರಗಳ ನಡುವೆ ಪೊಳ್ಳು ಕಂಡರೆ, ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಅಲ್ಲಲ್ಲಿ ಟೊಳ್ಳು ಸದ್ದು ಬಂದರೆ ಆ ಶೀಟು ಬೇಡ. ಅಲ್ಲಿಯೇ ಮುಂದೆ ಕಿರಿಕಿರಿ ಸದ್ದು ಹುಟ್ಟುತ್ತದೆ. ಎಂಟು ಅಡಿಗೆ ನಾಲ್ಕಡಿಯ ಒಂದು ಶೀಟಿನಲ್ಲಿ ಮೇಲೆ ಹೇಳಿದ ಅಳತೆಯ ಎರಡು ಪೆಟ್ಟಿಗೆಗಳಾಗುತ್ತವೆ. ಗೆಳೆಯರೊಬ್ಬರನ್ನು ಸೇರಿಸಿಕೊಂಡು ಶೀಟನ್ನು ಹಂಚಿಕೊಳ್ಳಿ, ಆಚಾರಿಯ ಯಂತ್ರದಲ್ಲಿ ಒಂದೇ ಸಲ ಕೊಯ್ಸಿದರೆ ಕೂಲಿಯೂ ಉಳಿಯುತ್ತದೆ, ಅಂಚುಗಳೂ ನೇರವಾಗಿ ಬರುತ್ತವೆ.

ಪ್ರಶ್ನೆ: ನಾವು ಫೈಬರ್ ದೋಣಿಗಳನ್ನು ದುರಸ್ತಿ ಮಾಡುವವರು. ಗ್ಲಾಸ್ ಮ್ಯಾಟ್, ರೆಸಿನ್ ಎಲ್ಲ ಮನೆಯಲ್ಲೇ ಇದೆ. ಥರ್ಮಾಕೋಲಿನ ಎರಡೂ ಬದಿಗೆ ಫೈಬರ್ ಹೊದೆಸಿ ಪೆಟ್ಟಿಗೆ ಮಾಡಿದರೆ ಬಹಳ ಹಗುರವಾಗುವುದಿಲ್ಲವೇ? — ಓದುಗರು, ತದಡಿ

ಉತ್ತರ: ಬಂದ ಪತ್ರಗಳಲ್ಲೆಲ್ಲ ನನಗೆ ಅತ್ಯಂತ ಸಂತೋಷ ಕೊಟ್ಟ ಪ್ರಶ್ನೆ ಇದು, ಏಕೆಂದರೆ ಹಗುರ ಪೆಟ್ಟಿಗೆಯ ತುತ್ತತುದಿ ಇದೇ ದಾರಿಯಲ್ಲಿದೆ, ಆ ಕೈಗೆಲಸ ನಿಮಗೆ ಆಗಲೇ ಬರುತ್ತದೆ. ಎರಡು ತೆಳು ಹೊದಿಕೆಗಳ ನಡುವೆ ಹಗುರ ನೊರೆಯ ಪದರವಿಟ್ಟು ಅಂಟಿಸಿದರೆ, ಹೊದಿಕೆಗಳು ಒಂದರಿಂದೊಂದು ದೂರ ನಿಲ್ಲುವುದರಿಂದಲೇ ಹಲಗೆಗೆ ಬಿಗಿತ ಬರುತ್ತದೆ. 3 ಮಿಲಿಮೀಟರಿನ ಎರಡು ಪ್ಲೈ ಹಾಳೆಗಳ ನಡುವೆ 20 ಮಿಲಿಮೀಟರಿನ ನೊರೆಹಲಗೆ ಇಟ್ಟರೆ ಅದು 12 ಮಿಲಿಮೀಟರ್ ಪ್ಲೈಗಿಂತ ಎಷ್ಟೋ ಬಿಗಿ, ತೂಕ ಮಾತ್ರ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಆದರೆ ಒಂದು ಎಚ್ಚರಿಕೆ. ನೀವು ದೋಣಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಸ್ಟೈರೀನ್ ಇರುತ್ತದೆ, ಅದು ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಸಣ್ಣ ತುಂಡಿನ ಮೇಲೆ ನಾಲ್ಕು ಹನಿ ಹಾಕಿದರೆ ಕಣ್ಣೆದುರಿಗೇ ಅದು ಕುಸಿದು ಗುಳಿ ಬೀಳುವುದನ್ನು ಕಾಣಬಹುದು. ಥರ್ಮಾಕೋಲಿಗೆ ಎಪಾಕ್ಸಿ ಬೇಕು. ಇಲ್ಲವೇ ನಡುವಿನ ಪದರಕ್ಕೆ ಗಟ್ಟಿ ಪಾಲಿಯುರಿಥೇನ್ ನೊರೆಹಲಗೆಯನ್ನು ಆರಿಸಿದರೆ ನಿಮ್ಮ ಈಗಿನ ರೆಸಿನ್ನೇ ನಡೆಯುತ್ತದೆ. ಸ್ಪೀಕರ್, ಹಿಡಿಕೆ, ಕಾಲು ಕೂರುವ ಕಡೆಗಳಲ್ಲಿ ನೊರೆಯನ್ನು ತೆಗೆದು ಮರದ ತುಂಡು ಕೂರಿಸದಿದ್ದರೆ ಬೋಲ್ಟು ಬಿಗಿದಾಗ ಹಲಗೆ ಚಪ್ಪಟೆಯಾಗುತ್ತದೆ. ಬಿಗಿತ ಎಷ್ಟಿದ್ದರೂ ತೀರ ಹಗುರವಾದ ಹಲಗೆ ಮೇಲಿನ ಸ್ವರಗಳಲ್ಲಿ ಡೋಲಿನಂತೆ ಮೊಳಗಬಹುದು, ಆದ್ದರಿಂದ ಒಳಗೋಡೆಗೆ ದಪ್ಪನೆಯ ಫೆಲ್ಟ್ ಅಂಟಿಸಬೇಕು.

ಇಷ್ಟೆಲ್ಲ ಇರುವುದರಿಂದ ಮೊದಲ ಪೆಟ್ಟಿಗೆಯನ್ನು 9 ಮಿಲಿಮೀಟರ್ ಪ್ಲೈನಲ್ಲಿ, ಅಡ್ಡಪಟ್ಟಿಗಳನ್ನು ಎರಡರಷ್ಟು ಹಾಕಿ ಮಾಡಿ. ಹೊರಗೆ ಒಂದು ಪದರ ಗ್ಲಾಸ್ ಮ್ಯಾಟ್ ಹೊದೆಸಿ. ಮರದ ತೂಕ ಏಳು ಕಿಲೊಗಳ ಆಸುಪಾಸಿನಲ್ಲಿ ನಿಲ್ಲುತ್ತದೆ, ಮಳೆಗೂ ಬಸ್ಸಿನ ಮೂಲೆಗೆ ತಾಗಿದ ಪೆಟ್ಟಿಗೂ ಜಗ್ಗುವುದಿಲ್ಲ. ನೊರೆಯ ಹಲಗೆಯ ಪ್ರಯೋಗ ಎರಡನೆಯದಕ್ಕಿರಲಿ. ಅದನ್ನು ಮಾಡಿದರೆ ದಯವಿಟ್ಟು ತೂಕ ನೋಡಿ ನಮಗೆ ಬರೆಯಿರಿ.

ಪ್ರಶ್ನೆ: ಕಾರಿನಿಂದ ತೆಗೆದ 12 ಇಂಚಿನ ಸಬ್‌ವೂಫರ್ ಕಡಿಮೆ ಬೆಲೆಗೆ ಸಿಗುತ್ತಿದೆ. ಬೇಸ್ ಗಿಟಾರಿಗೆ ಆಗುತ್ತದೆಯೇ? — ಓದುಗರು, ಭಟ್ಕಳ

ಉತ್ತರ: ಆಗುವುದಿಲ್ಲ. ಅದು ಕಾರಿನ ಸಣ್ಣ ಜಾಗದಲ್ಲಿ ತೀರ ಕೆಳಗಿನ ಸ್ವರಗಳನ್ನಷ್ಟೇ ನುಡಿಸಲು ಮಾಡಿದ್ದು. ಅದರ ಶಂಕು ಭಾರ, ಸೂಕ್ಷ್ಮತೆ ಸಾಮಾನ್ಯವಾಗಿ 90 ಡೆಸಿಬೆಲ್ಲಿಗಿಂತ ಕಡಿಮೆ. ಬೇಸ್ ಗಿಟಾರಿನ ತಂತಿ ಬೆರಳಿಗೆ ಸಿಕ್ಕ ಸದ್ದು, ಸ್ವರದ ಸ್ಪಷ್ಟತೆ ಎಲ್ಲ ಎರಡು ಮೂರು ಸಾವಿರ ಹರ್ಟ್ಜ್‌ವರೆಗೂ ಇರುತ್ತದೆ. ಸಬ್‌ವೂಫರಿನಲ್ಲಿ ಅದು ಗೋಡೆಯಾಚೆಯ ಗುಡುಗಿನಂತೆ ಮಬ್ಬಾಗಿ ಕೇಳಿಸುತ್ತದೆ. ಹಣ ಉಳಿಸಬೇಕೆಂದಿದ್ದರೆ ಸಭೆ ಸಮಾರಂಭಗಳ ಪಿಎ ಬಾಕ್ಸುಗಳಲ್ಲಿ (ಧ್ವನಿವರ್ಧಕ ಪೆಟ್ಟಿಗೆಗಳಲ್ಲಿ) ಬಳಸುವ, ಕೆಳಗಿನ ಮತ್ತು ನಡುವಿನ ಸ್ವರಗಳೆರಡನ್ನೂ ನುಡಿಸುವ ಮಿಡ್‌ಬಾಸ್ ಸ್ಪೀಕರನ್ನು, ಮಾಹಿತಿ ಹಾಳೆ ಸಿಗುವುದಾದರೆ, ಹುಡುಕಿ.

ಪ್ರಶ್ನೆ: ನನ್ನ ಆಂಪ್ಲಿಫೈಯರಿನ ಬೆನ್ನ ಮೇಲೆ ಕನಿಷ್ಠ 4 ಓಮ್ ಎಂದು ಬರೆದಿದೆ. 8 ಓಮಿನ ಎರಡು ಸಣ್ಣ ಪೆಟ್ಟಿಗೆ ಮಾಡುವುದು ಒಳ್ಳೆಯದೋ, ಒಂದೇ ದೊಡ್ಡದೋ? — ಓದುಗರು, ಹೊನ್ನಾವರ

ಉತ್ತರ: ಎರಡು ಸಣ್ಣದೇ ಒಳ್ಳೆಯದು. 8 ಓಮಿನ ಎರಡನ್ನು ಸಮಾಂತರವಾಗಿ ಜೋಡಿಸಿದರೆ ಸರಿಯಾಗಿ 4 ಓಮ್ ಆಗುತ್ತದೆ. ಮೂರನೆಯದನ್ನು ಸೇರಿಸಬೇಡಿ, ಆಗ 2.7 ಓಮಿಗೆ ಇಳಿದು ಆಂಪ್ಲಿಫೈಯರ್ ಸುಡಬಹುದು. ಸಣ್ಣ ಕಾರ್ಯಕ್ರಮಕ್ಕೆ ಒಂದನ್ನು ಒಯ್ಯಿರಿ, ಬಯಲಿನ ಕಾರ್ಯಕ್ರಮಕ್ಕೆ ಎರಡನ್ನೂ ಒಂದರ ಮೇಲೊಂದು ನಿಲ್ಲಿಸಿ. ಮೇಲಿನದು ನಿಮ್ಮ ಕಿವಿಯ ಎತ್ತರಕ್ಕೆ ಬರುವುದರಿಂದ ನೀವು ನುಡಿಸುವುದು ನಿಮಗೇ ಚೆನ್ನಾಗಿ ಕೇಳಿಸುತ್ತದೆ. ಎರಡೂ ಶಂಕುಗಳು ಒಂದೇ ದಿಕ್ಕಿಗೆ ಚಲಿಸಬೇಕು. ಒಂದೂವರೆ ವೋಲ್ಟಿನ ಪೆನ್‌ಸೆಲ್ಲಿನ ಧನ ತುದಿಯನ್ನು ಸ್ಪೀಕರಿನ ಧನ ತುದಿಗೂ ಋಣ ತುದಿಯನ್ನು ಋಣ ತುದಿಗೂ ಕ್ಷಣಮಾತ್ರ ತಾಗಿಸಿದಾಗ ಶಂಕು ಮುಂದಕ್ಕೆ ನೆಗೆದರೆ ಜೋಡಣೆ ಸರಿ. ಪೆಟ್ಟಿಗೆಯ ಒಳಗೆ ಮನೆಯ ವಯರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕು, ಹೊರಗೆ ಸ್ಪೀಕರ್ ಕೇಬಲ್ಲೇ ಬೇಕು. ಗಿಟಾರಿನ ಕೇಬಲನ್ನು ಇದಕ್ಕೆ ಎಂದೂ ಬಳಸಬೇಡಿ, ಅದರ ಸಣ್ಣ ಎಳೆ ಇಷ್ಟು ಕರೆಂಟನ್ನು ತಾಳಿಕೊಳ್ಳುವುದಿಲ್ಲ.

ಪ್ರಶ್ನೆ: ಎರಡು ವರ್ಷದ ಹಿಂದೆ ಮಾಡಿದ ನನ್ನ ಪೆಟ್ಟಿಗೆ ಈಗ ಕೆಲವು ಸ್ವರಗಳಿಗೆ ಬುಸ್ಸೆನ್ನುತ್ತದೆ. ಮಳೆಗಾಲದಲ್ಲಿ ಶಂಕುವಿನ ಮೇಲೆ ಬೂಷ್ಟು ಕೂಡ ಬಂದಿತ್ತು. ಏನು ಮಾಡಲಿ? — ಓದುಗರು, ಕುಮಟಾ

ಉತ್ತರ: ಬುಸ್ಸೆನ್ನುವುದು ಗಾಳಿ ಸೋರುವ ಲಕ್ಷಣ. ಮನೆಯ ಫ್ಯಾನು ನಿಲ್ಲಿಸಿ, 50–60 ಹರ್ಟ್ಜಿನ ಸ್ವರವನ್ನು ಸಣ್ಣಗೆ ಹಾಕಿ, ಹೊತ್ತಿಸಿದ ಊದುಬತ್ತಿಯನ್ನು ಪ್ರತಿ ಕೀಲಿನ ಉದ್ದಕ್ಕೂ, ಸ್ಪೀಕರಿನ ಅಂಚಿಗೂ, ಕೇಬಲ್ ಸಿಕ್ಕಿಸುವ ತಟ್ಟೆಯ ಸುತ್ತಲೂ ಹಿಡಿದು ಹೋಗಿ. ನೇರವಾಗಿ ಏರುವ ಹೊಗೆ ಎಲ್ಲಿ ತಟ್ಟನೆ ತತ್ತರಿಸುತ್ತದೆಯೋ ಅಲ್ಲಿ ಸೋರಿಕೆ ಇದೆ. ಬಹಳ ಸಲ ಅದು ಕೇಬಲ್ ತಟ್ಟೆಯಲ್ಲೇ ಇರುತ್ತದೆ. ಒಳಗಿನಿಂದ ಅಂಟು ಅಥವಾ ಸಿಲಿಕೋನ್ ತುಂಬಿ. ಸಿಲಿಕೋನ್ ತುಂಬಿದರೆ ಅದರ ಹುಳಿ ವಾಸನೆ ಪೂರ್ತಿ ಹೋಗುವವರೆಗೆ, ಎರಡು ದಿನ, ಸ್ಪೀಕರನ್ನು ಹೊರಗೇ ಇಡಿ.

ಮಳೆಗಾಲದ ಪಾಠವನ್ನು ನಾನು ಕಳೆದುಕೊಂಡು ಕಲಿತೆ. ಮೊದಲು ಮಾಡಿದ ಪೆಟ್ಟಿಗೆ 18 ಮಿಲಿಮೀಟರಿನ ಎಂಡಿಎಫ್‌ನದು. ಜೂನ್ ತಿಂಗಳಲ್ಲಿ ಒಂದು ಸಭಾಭವನದ ಜಗಲಿಯಲ್ಲಿ ಒಂದೇ ರಾತ್ರಿ ಇಟ್ಟಿದ್ದೆ, ಎರಚಲು ನೀರು ನೆಲದ ಮೇಲೆ ಹರಿದು ಬಂದು ಬುಡಕ್ಕೆ ತಾಗಿತ್ತು. ಬೆಳಿಗ್ಗೆ ನೋಡುವಾಗ ಕೆಳ ಅಂಚು ಒದ್ದೆ ರಟ್ಟಿನಂತೆ ಉಬ್ಬಿ ಪದರ ಬಿಚ್ಚಿಕೊಂಡಿತ್ತು, ಒತ್ತಿದರೆ ಬೆರಳಿಗೆ ಹಿಟ್ಟು ಹತ್ತುತ್ತಿತ್ತು; ಒಣಗಿಸಿದರೂ ಅದು ಮತ್ತೆ ಗಟ್ಟಿಯಾಗಲಿಲ್ಲ, ಮೂರು ವಾರದ ಕೆಲಸ ಹೋಯಿತು. ಅಂದಿನಿಂದ ಪ್ಲೈವುಡ್ಡಿನ ಕೊಯ್ದ ಅಂಚುಗಳಿಗೂ ನೀರು ಬೆರೆಸಿದ ಅಂಟನ್ನು ಎರಡು ಸಲ ಕುಡಿಸಿ, ಪ್ರೈಮರ್ ಹಚ್ಚಿ, ಮೇಲೆ ಎರಡು ಕೈ ಬಣ್ಣ ಬಳಿಯದೆ ಯಾವ ಪೆಟ್ಟಿಗೆಯನ್ನೂ ಹೊರಗೆ ಒಯ್ದಿಲ್ಲ. ಒಳಗೋಡೆಗಳಿಗೂ ಒಂದು ಕೈ ಬಳಿಯಿರಿ. ಬುಡಕ್ಕೆ ಎರಡು ಸೆಂಟಿಮೀಟರಿನ ರಬ್ಬರ್ ಕಾಲುಗಳಿರಲಿ, ಮೇಲೆ ಕಾಣುವ ಬೋಲ್ಟು ಸ್ಕ್ರೂಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಒಳಗೆ ಸದ್ದು ತಗ್ಗಿಸಲು ತೆಂಗಿನ ನಾರು ತುಂಬುವವರಿದ್ದಾರೆ. ನಮ್ಮಲ್ಲಿ ಅದು ತೇವ ಹೀರಿ ಬೂಷ್ಟು ಹಿಡಿಯುತ್ತದೆ, ಪುಡಿ ಉದುರಿ ಸುರುಳಿಯ ಸಂದಿಗೆ ಸೇರುತ್ತದೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಗೋಡೆಗಳಿಗೆ ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಅಂಟಿಸಿದರೆ ಸಾಕು, ಕೊಳವೆಯ ಬಾಯಿಗೆ ಮಾತ್ರ ಅಡ್ಡ ಬರಬಾರದು.

ಶಂಕುವಿನ ಮೇಲಿನ ಬೂಷ್ಟನ್ನು ಒಣ ಬಟ್ಟೆಯಿಂದ ಮೆತ್ತಗೆ ಒರೆಸಿ. ನೀರನ್ನಾಗಲಿ ಸೋಪನ್ನಾಗಲಿ ತಾಗಿಸಬೇಡಿ. ಮಳೆಯ ನಾಲ್ಕು ತಿಂಗಳು ಪೆಟ್ಟಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಬಾರದು, ಒಳಗೆ ಬೆವರುತ್ತದೆ. ಹಳೆಯ ಹತ್ತಿ ಸೀರೆಯನ್ನೋ ಪಂಚೆಯನ್ನೋ ಹೊದೆಸಿ, ಗೋಡೆಗೆ ತಾಗದಂತೆ, ನೆಲದಿಂದ ಒಂದಡಿ ಎತ್ತರದ ಮಣೆಯ ಮೇಲಿಟ್ಟು, ವಾರಕ್ಕೆ ಒಂದೆರಡು ಸಲ ಅರ್ಧ ಗಂಟೆ ನುಡಿಸಿ. ಸುರುಳಿಯ ಬಿಸಿಗೂ ಶಂಕುವಿನ ಚಲನೆಗೂ ಒಳಗಿನ ತೇವ ತಾನಾಗಿ ಹೊರಗೆ ಹೋಗುತ್ತದೆ.